ಹಿಟ್ಟಿನ ಕೋಳಿ ಮತ್ತು ಮೊಮ್ಮಗನ ಆಟದ ಸಾಧನ

ಶ್ರಾವಕನ ವ್ರತಗಳನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ದೊಡ್ಡವರ ಕಥೆಗಳನ್ನೇ ಉದಾಹರಿಸುತ್ತೇವೆ. ರಾಜರು ಏನು ತ್ಯಾಗ ಮಾಡಿದರು, ಶ್ರೇಷ್ಠಿಗಳು ಹೇಗೆ ದಾನ ಮಾಡಿದರು ಎಂದು ಹೇಳಿ ಮಕ್ಕಳನ್ನು ಕೂರಿಸುತ್ತೇವೆ. ಆದರೆ ವ್ರತವು ಪರೀಕ್ಷೆಗೆ ಒಳಗಾಗುವುದು ಬಹುಮಟ್ಟಿಗೆ ನಮ್ಮ ಮನೆಯ ಪಡಸಾಲೆಯಲ್ಲಿ, ಯಾವುದೋ ಒಂದು ಸಣ್ಣ ವಸ್ತುವಿನ ನಿಮಿತ್ತವಾಗಿ. ನನ್ನ ಪಾಲಿಗೆ ಅಂಥ ನಿಮಿತ್ತವಾಗಿ ಒದಗಿದ್ದು ಮೊಬೈಲ್ ಫೋನಿಗೆ ಜೋಡಿಸಿ ಆಟವಾಡುವ ಒಂದು ಸಾಧನ. ಮಕ್ಕಳು ಅದನ್ನು ‘ಗೇಮ್ ಕಂಟ್ರೋಲರ್’ ಎಂದು ಕರೆಯುತ್ತಾರೆ. ಇಂಥ ವಸ್ತುವಿಗೂ ಧರ್ಮವಿಚಾರಕ್ಕೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ನಾನೂ ಮೊದಲು ಹಾಗೆಯೇ ಎಣಿಸಿದ್ದೆ.

ನಾನು ಯಲಬುರ್ಗಾದಲ್ಲಿ ಹುಟ್ಟಿ, ಕುಷ್ಟಗಿಯ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದವನು. ಮಗಳನ್ನು ಗಂಗಾವತಿಗೆ ಕೊಟ್ಟಿದ್ದೇವೆ. ಅಳಿಯಂದಿರದು ಅಕ್ಕಿಯ ವ್ಯಾಪಾರ. 2025ರ ಬೇಸಿಗೆಯಲ್ಲಿ ಮೊಮ್ಮಗ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಒಳ್ಳೆಯ ಅಂಕಗಳನ್ನು ಪಡೆದಿದ್ದ. ನಾನು ತಾವರಗೇರಾ, ಕನಕಗಿರಿಯ ದಾರಿಯಾಗಿ ಬಸ್ಸಿನಲ್ಲಿ ಗಂಗಾವತಿಗೆ ಹೋಗಿ, “ಏನು ಬೇಕು ಕೇಳು, ಕೊಡಿಸುತ್ತೇನೆ” ಎಂದೆ. ಮಾತು ಕೊಟ್ಟಾಗ ನನ್ನ ಮನಸ್ಸಿನಲ್ಲಿದ್ದದ್ದು ಕೈಗಡಿಯಾರವೋ ನಿಘಂಟೋ ಆಗಿತ್ತು. ಅವನು ಕೇಳಿದ್ದು ಕಂಟ್ರೋಲರ್.

“ಅಜ್ಜಾ, ಫೋನಿನ್ಯಾಗ ಆಡೂ ಮುಂದ ಎರಡೂ ಹೆಬ್ಬೆರಳು ಸ್ಕ್ರೀನಿನ ಮ್ಯಾಲೇ ಇರತಾವ. ಅರ್ಧ ಆಟ ಕಾಣೂದೇ ಇಲ್ಲ. ಬೆರಳು ಬ್ಯಾರೆ ನೋಯತಾವ” ಎಂದು ಅವನು ಕಾರಣ ವಿವರಿಸಿದ.

ಅವನ ಮಾತಿನಲ್ಲಿ ಹುರುಳಿತ್ತು. ಗಾಜಿನ ತೆರೆಯನ್ನು ಮುಟ್ಟಿ ಆಡುವಾಗ ಕೆಲಸವೆಲ್ಲ ಎರಡು ಹೆಬ್ಬೆರಳುಗಳ ಮೇಲೆಯೇ ಬೀಳುತ್ತದೆ. ಒತ್ತಿದ್ದು ಒತ್ತಿತೇ ಇಲ್ಲವೇ ಎಂಬುದು ಬೆರಳಿಗೆ ತಿಳಿಯುವುದಿಲ್ಲ. ಕಂಟ್ರೋಲರಿನಲ್ಲಾದರೋ ಹೆಬ್ಬೆರಳುಗಳಿಗೆ ಎರಡು ಪುಟ್ಟ ಕಡ್ಡಿಗಳು, ಅವುಗಳ ಪಕ್ಕದಲ್ಲಿ ಗುಂಡಿಗಳು, ಹಿಂಬದಿಯಲ್ಲಿ ತೋರುಬೆರಳುಗಳಿಗಾಗಿ ಎರಡು ಒತ್ತುಗುಂಡಿಗಳು ಇರುತ್ತವೆ. ತೆರೆ ಪೂರ್ತಿಯಾಗಿ ಕಾಣುತ್ತದೆ. ಆ ಹಿಂಬದಿಯ ಗುಂಡಿಗಳಿಗೆ ‘ಟ್ರಿಗರ್’ ಎಂದು ಹೆಸರು. ಕಾರಿನ ಆಟದಲ್ಲಿ ಅದನ್ನು ಒತ್ತಿದರೆ ಕಾರು ಓಡುತ್ತದೆ. ಬಂದೂಕಿನ ಆಟದಲ್ಲಿ ಒತ್ತಿದರೆ ಗುಂಡು ಹಾರುತ್ತದೆ. ಗುಂಡಿ ಒಂದೇ, ಬೆರಳು ಒಂದೇ.

“ಯಾವ ಯಾವ ಆಟ ಆಡತೀಯಪಾ?” ಎಂದು ಕೇಳಿದೆ. ಮುಚ್ಚುಮರೆಯಿಲ್ಲದೆ ಮೂರನ್ನು ಹೇಳಿದ. ಒಂದು ಕಾರಿನ ಪಂದ್ಯ. ಇನ್ನೊಂದು ‘ಮೈನ್‌ಕ್ರಾಫ್ಟ್’ ಎಂಬ, ಇಟ್ಟಿಗೆಯಂಥ ತುಂಡುಗಳನ್ನು ಪೇರಿಸಿ ಮನೆ ಊರು ಕಟ್ಟುವ ಆಟ. ಮೂರನೆಯದು ‘ಬಿಜಿಎಂಐ’. ಆ ಮೂರನೆಯದನ್ನು ಹೇಳುವಾಗ ಅವನ ದನಿ ತುಸು ತಗ್ಗಿತು.

ಈ ಮೂರನೆಯ ಆಟದ ಇತಿಹಾಸವನ್ನು ಓದುಗರಲ್ಲಿ ಹಲವರು ಬಲ್ಲರು. ‘ಪಬ್‌ಜಿ’ ಎಂಬ ಹೆಸರಿನಲ್ಲಿ ಮನೆಮನೆಗೂ ಬಂದಿದ್ದ ಆಟವನ್ನು ಕೇಂದ್ರ ಸರಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು. 2021ರ ಜುಲೈಯಲ್ಲಿ ಅದೇ ಆಟ ಭಾರತಕ್ಕೆಂದೇ ಬೇರೆ ಹೆಸರು ಧರಿಸಿ ಬಂತು. 2022ರ ಜುಲೈಯಲ್ಲಿ ಅದನ್ನೂ ತಡೆಹಿಡಿಯಲಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಿಡಲಾಯಿತು, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯೊಡನೆ. ಈ ಭಾರತೀಯ ರೂಪದಲ್ಲಿ ಎರಡು ಮಾರ್ಪಾಟುಗಳನ್ನು ಮೊಮ್ಮಗ ನನಗೆ ತೋರಿಸಿದ. ಗುಂಡು ತಗುಲಿದ ಆಕೃತಿಯಿಂದ ಚಿಮ್ಮುವ ದ್ರವ ಕೆಂಪಾಗಿರದೆ ಹಸಿರಾಗಿರುತ್ತದೆ. ‘ಕೊಂದೆ’ ಎಂಬರ್ಥದ ಮಾತಿಗೆ ಬದಲಾಗಿ ‘ಮುಗಿಸಿದೆ’ ಎಂಬರ್ಥದ ಮಾತು ಮೂಡುತ್ತದೆ.

“ನೋಡ್ರಿ ಅಜ್ಜಾ, ರಕ್ತಾನೂ ಇಲ್ಲ, ಕೊಲ್ಲೂದೂ ಇಲ್ಲ” ಎಂದು ಅವನು ನಕ್ಕ.

ನನಗೆ ನಗು ಬರಲಿಲ್ಲ. ಆ ಹಸಿರು ದ್ರವವನ್ನು ನೋಡುತ್ತಿದ್ದಂತೆ ತರಗತಿಯಲ್ಲಿ ನಾನು ವರ್ಷವರ್ಷವೂ ಹೇಳುತ್ತಿದ್ದ ಕಥೆಯೊಂದು ಎದುರಿಗೆ ಬಂದು ನಿಂತಿತು. ಜನ್ನಕವಿ 1209ರಲ್ಲಿ ರಚಿಸಿದ ‘ಯಶೋಧರಚರಿತೆ’ಯ ಕಥೆ ನಮ್ಮ ಮನೆಗಳಲ್ಲಿ ಅಪರಿಚಿತವಲ್ಲ. ಕೆಟ್ಟ ಕನಸಿನ ಶಾಂತಿಗಾಗಿ ದೇವತೆಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹೇಳುತ್ತಾಳೆ. ಮಗ ಯಶೋಧರ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ನಡುವಿನ ದಾರಿಯೊಂದನ್ನು ಹಿಡಿಯುತ್ತಾರೆ: ಜೀವವಿರುವ ಕೋಳಿ ಬೇಡ, ಹಿಟ್ಟಿನ ಕೋಳಿ ಸಾಕು. ಕತ್ತಿ ಬೀಳುತ್ತದೆ, ಹಿಟ್ಟಿನ ಕೋಳಿ ಕೂಗುತ್ತದೆ. ಆ ಸಂಕಲ್ಪ ಹಿಂಸೆಯ ಫಲವಾಗಿ ತಾಯಿಯೂ ಮಗನೂ ನವಿಲು ನಾಯಿಗಳಾಗಿ, ಮತ್ತೆ ಮತ್ತೆ ತಿರ್ಯಂಚ ಜನ್ಮಗಳಲ್ಲಿ ಹುಟ್ಟಿ ಬೇಯುತ್ತಾರೆ. ಅಲ್ಲಿ ಚೆಲ್ಲಿದ್ದು ರಕ್ತವಲ್ಲ. ಕೊಲ್ಲುವ ಭಾವ ಮಾತ್ರ ನಿಜವಾಗಿತ್ತು.

ಈ ಕಥೆಯನ್ನು ಮೊಮ್ಮಗನಿಗೆ ಹೇಳಿದೆ. ಅವನು ಗಮನವಿಟ್ಟು ಕೇಳಿದ, ಆಮೇಲೆ ವಾದಕ್ಕೆ ನಿಂತ.

“ರಾಜಾಗ ಬಲಿ ಕೊಟ್ಟದ್ದರ ಫಲ ಬೇಕಾಗಿತ್ತು. ನನಗ ಬೇಕಾಗಿದ್ದು ಗೆಲ್ಲೂದು ಅಷ್ಟ. ನೀವು ಸಣ್ಣವರಿದ್ದಾಗ ಚೌಕಾಬಾರಾ ಆಡೂ ಮುಂದ ಕಾಯಿ ಹೊಡೀತಿದ್ದಿಲ್ಲೇನ್ರಿ? ಚದುರಂಗದಾಗ ಆನಿ ಕುದುರಿ ಹೊಡೀತಾರ. ಅದೂ ಹಿಂಸಾನ?”

ಪ್ರಶ್ನೆ ನ್ಯಾಯವಾದದ್ದು. ಯಲಬುರ್ಗಾದ ನಮ್ಮ ಹಳೆಯ ಮನೆಯ ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಮನೆ ಬರೆದು, ಹುಣಸೆಬೀಜ ಒಡೆದು ದಾಳ ಮಾಡಿ ಆಡುತ್ತಿದ್ದೆವು. ತಂಗಿಯ ಕಾಯಿಯನ್ನು ಹೊಡೆದಾಗ ನಾನು ಕುಣಿದಾಡಿದ್ದುಂಟು. ಹಾಗೆಂದು ನಮ್ಮ ತಂದೆ ನಮ್ಮನ್ನು ಹಿಂಸಕರೆನ್ನಲಿಲ್ಲ. ಆಟದಲ್ಲಿ ಸೋಲು ಗೆಲುವು ಇದ್ದೇ ಇರುತ್ತದೆ. ‘ಅದು ಬೇರೆ, ಇದು ಬೇರೆ’ ಎಂದು ಹಿರಿತನದ ಬಲದಿಂದ ಬಾಯಿ ಮುಚ್ಚಿಸಬಹುದಾಗಿತ್ತು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಅದು ಸುಲಭ. ಆದರೆ ಉತ್ತರ ಗೊತ್ತಿಲ್ಲದಿರುವಾಗ ದನಿ ಏರಿಸುವುದೂ ಒಂದು ಬಗೆಯ ಸುಳ್ಳೇ ಆದುದರಿಂದ ಸುಮ್ಮನಾದೆ.

ಆ ರಾತ್ರಿ ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವನ್ನು ನೆನೆದುಕೊಂಡೆ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪದಿಂದ ದೂರವಿರುವುದೇ ಅನರ್ಥದಂಡ ವ್ರತ. ಅದರಲ್ಲಿ ಬಿಡಬೇಕಾದವು ಐದು: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಹಿಂಸಾದಾನವೆಂದರೆ ಕೊಡಲಿ, ಕತ್ತಿ, ಬೆಂಕಿ ಮೊದಲಾದ ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರ ಕೈಗೆ ಕೊಡುವುದು. ಅಪಧ್ಯಾನವೆಂದರೆ ಇತರರ ವಧೆ ಬಂಧನಾದಿಗಳನ್ನು ಮನಸ್ಸಿನಲ್ಲಿ ಚಿಂತಿಸುವುದು. ಬೆಂಕಿ ಅಡುಗೆಗೂ ಬೇಕು. ಆದ್ದರಿಂದ ಕೊಡುವವನು ‘ಯಾವುದಕ್ಕೆ?’ ಎಂದು ಕೇಳಲೇಬೇಕಾಗುತ್ತದೆ. ಕಂಟ್ರೋಲರೂ ಹಾಗೆಯೇ. ಅದು ಕಾರನ್ನು ಓಡಿಸುತ್ತದೆ, ಮನೆ ಕಟ್ಟುತ್ತದೆ, ಬಂದೂಕನ್ನೂ ಹಿಡಿಯುತ್ತದೆ. ತಾನು ಮಾಡುವುದು, ಮಾಡಿಸುವುದು, ಮಾಡಿದವರನ್ನು ಒಪ್ಪುವುದು, ಈ ಮೂರಕ್ಕೂ ಹೊಣೆಯುಂಟೆಂದು ನಮ್ಮ ಶಾಸ್ತ್ರ ಹೇಳುವುದರಿಂದ ಹಣ ಕೊಡುವ ಅಜ್ಜನೂ ಹೊರಗೆ ನಿಲ್ಲಲಾರ.

ಹಾಗಾದರೆ ಚೌಕಾಬಾರಾಕ್ಕೂ ಈ ಆಟಕ್ಕೂ ಅಂತರವೆಲ್ಲಿ? ನನಗೆ ತೋಚಿದ್ದು ಇಷ್ಟು. ಚೌಕಾಬಾರಾದಲ್ಲಿ ಹೊಡೆದ ಕಾಯಿ ತನ್ನ ಮನೆಗೆ ಮರಳುತ್ತದೆ. ನಮ್ಮ ಲಕ್ಷ್ಯವೆಲ್ಲ ಎಣಿಕೆಯ ಮೇಲಿರುತ್ತದೆ. ಹುಣಸೆಬೀಜವು ಮನುಷ್ಯನಂತೆ ಕಾಣಬೇಕೆಂದು ಯಾರೂ ಶ್ರಮಪಡುವುದಿಲ್ಲ. ಬಂದೂಕಿನ ಆಟದಲ್ಲಿಯಾದರೋ ಓಡುವವನು ಮನುಷ್ಯನಂತೆಯೇ ಓಡಬೇಕು, ಬೀಳುವವನು ಮನುಷ್ಯನಂತೆಯೇ ಬೀಳಬೇಕು ಎಂದು ಜಾಣರು ಕುಳಿತು ದುಡಿದಿದ್ದಾರೆ. ಆದರೂ ಅದು ಮನಸ್ಸಿನಲ್ಲಿ ಏನನ್ನು ಉಳಿಸುತ್ತದೆ ಎಂಬುದನ್ನು ಆಡದಿರುವ ನಾನು ಹೇಳಲಾರೆ, ಆಡುವವನೇ ಹೇಳಬೇಕು.

ಮರುದಿನ ಅವನಿಗೆ ಹೀಗೆಂದೆ: “ನಾ ಇದು ಬೇಡ ಅನ್ನೂದಿಲ್ಲ. ಒಂದು ವಾರ ನೀನೇ ನೋಡಿಕೋ. ಮೂರೂ ಆಟ ಆಡು. ಆಡಿದ ದಿನ ರಾತ್ರಿ ಹಾಸಿಗಿ ಮ್ಯಾಲ ಕಣ್ಣು ಮುಚ್ಚಿದಾಗ ಏನು ಕಾಣತದ ಅಂತ ಬರೆದಿಡು. ನನಗ ತೋರಿಸೂದು ಬಿಡೂದು ನಿನಗ ಬಿಟ್ಟದ್ದು.”

ಎಂಟನೆಯ ದಿನ ಅವನೇ ಬಂದು ಪಕ್ಕದಲ್ಲಿ ಕುಳಿತ. ಮನೆ ಕಟ್ಟುವ ಆಟವಾಡಿದ ರಾತ್ರಿ ಗೋಡೆ ಕಿಟಕಿಗಳು ಕಾಣುತ್ತಿದ್ದವಂತೆ. ಕಾರಿನ ಆಟದ ರಾತ್ರಿ ವಿಶೇಷವೇನೂ ಇಲ್ಲ. “ಅದು ಆಡಿದ ರಾತ್ರಿ ಮಾತ್ರ ಮಂದಿ ಓಡೂದು ಕಾಣತದ ಅಜ್ಜಾ. ನಾ ಗುರಿ ಹಿಡಿದಿರತೀನಿ” ಎಂದ. ಇಬ್ಬರೂ ಸ್ವಲ್ಪ ಹೊತ್ತು ಏನೂ ಆಡಲಿಲ್ಲ. ಕಂಟ್ರೋಲರನ್ನು ಮೊದಲ ಎರಡು ಆಟಗಳಿಗೆ ಕೊಳ್ಳೋಣ, ಮೂರನೆಯದಕ್ಕೆ ಬೇಡ ಎಂದು ಅವನೇ ಹೇಳಿದ. ನನ್ನ ಉಪದೇಶ ಗೆದ್ದಿತೆಂದು ಒಳಗೊಳಗೆ ಹಿಗ್ಗಿದೆ.

ಆ ಹಿಗ್ಗೇ ನನ್ನನ್ನು ಕೆಡವಿತು. ಅವನಿಗೆ ಅಚ್ಚರಿಯಾಗಲೆಂದು ಯಾರನ್ನೂ ಕೇಳದೆ, ನನ್ನ ಫೋನಿನಲ್ಲಿಯೇ ಒಂದು ಕಂಟ್ರೋಲರನ್ನು ತರಿಸಿದೆ. ಬೆಲೆ ಎರಡು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಫೋನನ್ನು ನಡುವೆ ಇಟ್ಟು ಎರಡು ಕಡೆಯಿಂದ ಹಿಡಿಯುವ ಬಗೆಯದು, ನೋಡಲು ಅಂದವಾಗಿತ್ತು. ಡಬ್ಬಿ ಬಿಚ್ಚಿ ನೋಡಿದರೆ ಅದರ ತುದಿ ಮೊಮ್ಮಗನ ಫೋನಿನ ತೂತಿಗೆ ಹೊಂದಲಿಲ್ಲ. ಅದು ಹಳೆಯ ಐಫೋನುಗಳಿಗಾಗಿ ಮಾಡಿದ್ದು. 2023ರಲ್ಲಿ ಬಂದ ಹದಿನೈದನೆಯ ಮಾದರಿಯಿಂದ ಐಫೋನಿಗೂ ಟೈಪ್-ಸಿ ಎಂಬ ಸಾಮಾನ್ಯ ತೂತು ಬಂದಿದೆ. ಅದಕ್ಕೆ ಹಿಂದಿನವುಗಳದು ಬೇರೆ. ಈ ಸಂಗತಿಯನ್ನು ಮಾರುವವರು ವಿವರದಲ್ಲಿ ಸ್ಪಷ್ಟವಾಗಿಯೇ ಬರೆದಿದ್ದರು. ಓದದೆ ಇದ್ದವನು ನಾನು.

ಹಿಂದಿರುಗಿಸಲು ಹೋದೆ. ಮನಸ್ಸು ಬದಲಾಯಿತೆಂದರೆ ವಾಪಸು ತೆಗೆದುಕೊಳ್ಳುವುದಿಲ್ಲ, ವಸ್ತುವಿನಲ್ಲಿ ದೋಷವಿದ್ದರೆ ಮಾತ್ರ ಎಂಬ ನಿಯಮವಿತ್ತು. ತೆರೆಯ ಮೇಲೆ ಕಾರಣಗಳ ಪಟ್ಟಿ ಬಂತು. ಅಳಿಯಂದಿರು ಪಕ್ಕದಿಂದ, “ಮಾವಾರ, ‘ಕೆಟ್ಟದ’ ಅನ್ನೂದನ್ನ ಒತ್ತಿಬಿಡ್ರಿ. ಎಲ್ಲಾರೂ ಹಿಂಗ ಮಾಡತಾರ” ಎಂದರು. ಅವರು ನನ್ನ ದುಡ್ಡು ಉಳಿಯಲೆಂಬ ಕಾಳಜಿಯಿಂದ ಹೇಳಿದರು. ನಾನು ಒತ್ತಿದೆ. ಎರಡು ದಿನಗಳಲ್ಲಿ ಬಂದು ಒಯ್ಯುವುದಾಗಿ ಉತ್ತರ ಬಂತು.

ಮೊಮ್ಮಗ ಬಾಗಿಲಲ್ಲಿ ನಿಂತಿದ್ದುದನ್ನು ನಾನು ಕಂಡಿರಲಿಲ್ಲ. “ಅಜ್ಜಾ, ಅದು ಕೆಟ್ಟಿಲ್ಲಲ್ಲ?” ಎಂದ. ಆ ಮಾತಿನಲ್ಲಿ ಚುಚ್ಚುವ ಭಾವವಿರಲಿಲ್ಲ. ತಿಳಿಯದೆ ಕೇಳುವಂತೆ ಕೇಳಿದ. ನನಗೆ ಹಿಟ್ಟಿನ ಕೋಳಿ ಕೂಗಿದಂತಾಯಿತು.

ತೆರೆಯ ಮೇಲೆ ಬೆರಳಿನಿಂದ ಮಾಡಿದ್ದು ನಿಜವಾದ ಕೃತ್ಯವಲ್ಲ ಎಂಬುದು ಅವನ ವಾದವಾಗಿತ್ತು. ಭಾವ ನಿಜವಾಗಿದ್ದರೆ ಕೃತ್ಯವೂ ನಿಜ ಎಂದು ಎಂಟು ಶತಮಾನಗಳ ಹಿಂದಿನ ಕಾವ್ಯವನ್ನು ಮುಂದಿಟ್ಟು ನಾನು ಉತ್ತರಿಸಿದ್ದೆ. ಈಗ ಅದೇ ಅಳತೆಯ ಗಾಜಿನ ಮೇಲೆ, ಅದೇ ಹೆಬ್ಬೆರಳಿನಿಂದ, ನಾನು ಸುಳ್ಳನ್ನು ಒತ್ತಿದ್ದೆ. ಬಾಯಿಂದ ಆಡಲಿಲ್ಲ, ಕೈಯಿಂದ ಬರೆಯಲಿಲ್ಲ ಎಂಬ ಸಮಾಧಾನ ಎಷ್ಟರದು? ಚೆನ್ನಾಗಿರುವ ವಸ್ತು ದೋಷಯುಕ್ತವೆಂದು ಹೆಸರು ಪಡೆದು ಕಸಕ್ಕೆ ಹೋಗಬಹುದು. ನಾನು ಮುಖ ಕಾಣದ ಯಾವನೋ ವ್ಯಾಪಾರಿಯ ಲೆಕ್ಕದಲ್ಲಿ ಇಲ್ಲದ ತಪ್ಪೊಂದು ಸೇರಬಹುದು. ನಮ್ಮವರಲ್ಲಿ ಅನೇಕರು ವ್ಯಾಪಾರಿಗಳು. ಗಿರಾಕಿಯ ಸುಳ್ಳು ದೂರಿನ ನೋವು ಏನೆಂಬುದನ್ನು ಅವರಿಗೆ ನಾನು ಹೇಳಬೇಕಾಗಿಲ್ಲ. ಸತ್ಯಾಣುವ್ರತವನ್ನು ಹಿಡಿದೆನೆಂದುಕೊಂಡಿದ್ದ ನನ್ನ ಬೆಲೆ ಎರಡು ಸಾವಿರಕ್ಕೂ ಕಡಿಮೆಯಾಗಿತ್ತು.

ಆ ರಾತ್ರಿ ನಿದ್ರೆ ಬರಲಿಲ್ಲ. ಬೆಳಗಾಗುತ್ತಲೆ ಮೊಮ್ಮಗನನ್ನು ಕರೆದು, “ನಿನ್ನೆ ನಾ ಒತ್ತಿದ್ದು ಸುಳ್ಳು. ಅದನ್ನ ಅಳಿಸೂದು ಹ್ಯಾಂಗ ತೋರಿಸು” ಎಂದೆ. ಅವನು ನಾಲ್ಕೈದು ಸಲ ಅಲ್ಲಿ ಇಲ್ಲಿ ಒತ್ತಿ ಆ ಬೇಡಿಕೆಯನ್ನು ರದ್ದುಮಾಡಿಸಿದ. ಅಳಿಯಂದಿರು ಏನೂ ಅನ್ನಲಿಲ್ಲ. ಊಟಕ್ಕೆ ಕುಳಿತಾಗ ಮಾತ್ರ, “ಮಾವಾರ, ಮುಂದಿಂದು ಕೊಪ್ಪಳದಾಗ ಅಂಗಡಿಗೆ ಹೋಗಿ ನೋಡಿ ತಗೊಳ್ರಿ” ಎಂದರು.

ಕೊಪ್ಪಳದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರದು ಮೊಬೈಲ್ ಅಂಗಡಿಯಿದೆ. ಅಜ್ಜ ಮೊಮ್ಮಗ ಇಬ್ಬರೂ ಹೋದೆವು. “ಸರ್, ಮೊದಲು ಹುಡುಗನ ಫೋನ್ ತೋರಿಸ್ರಿ. ಫೋನ್ ನೋಡದ ಕಂಟ್ರೋಲರ್ ತಗೊಳ್ಳೂದು ಕಾಲು ನೋಡದ ಚಪ್ಪಲಿ ತಗೊಂಡಂಗ” ಎಂದರು ಅವರು. ಮೊಮ್ಮಕ್ಕಳಿಗೆ ಇಂಥದನ್ನು ಕೊಡಿಸಬೇಕಾಗಿ ಬಂದ ಹಿರಿಯರಿಗೆ ಉಪಯೋಗವಾದೀತೆಂದು ಅಲ್ಲಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಈ ಸಾಧನಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಫೋನನ್ನು ನಡುವೆ ಬಿಗಿದು ನೇರವಾಗಿ ತೂತಿಗೆ ಚುಚ್ಚಿಕೊಳ್ಳುವಂಥದು. ಬೆರಳು ಒತ್ತಿದ ಕೂಡಲೆ ಆಟದಲ್ಲಿ ಕ್ರಿಯೆ ನಡೆಯುತ್ತದೆ. ಹೆಚ್ಚಿನವುಗಳಿಗೆ ಬೇರೆ ಬ್ಯಾಟರಿ ಬೇಡ. ಫೋನಿನ ವಿದ್ಯುತ್ತನ್ನೇ ಬಳಸುತ್ತವೆ. ಆದರೆ ತೂತು ಹೊಂದಬೇಕು, ಫೋನಿನ ಉದ್ದ ದಪ್ಪ ಹೊಂದಬೇಕು. ಕೆಲವಕ್ಕೆ ಫೋನಿನ ಹೊರಕವಚವನ್ನು ಪ್ರತಿಸಲವೂ ಕಳಚಬೇಕಾಗುತ್ತದೆ. ಆಡುತ್ತಲೇ ಚಾರ್ಜು ಮಾಡಲು ಅನುಕೂಲವಿದೆಯೇ ಎಂದೂ ನೋಡಬೇಕು. ಎರಡನೆಯದು ಬ್ಲೂಟೂತ್ ಮೂಲಕ ತಂತಿಯಿಲ್ಲದೆ ಕೂಡಿಕೊಳ್ಳುವ ಬಿಡಿ ಸಾಧನ. ಫೋನನ್ನು ಅದರ ನೆತ್ತಿಯ ಮೇಲೆ ಕ್ಲಿಪ್ಪಿನಿಂದ ನಿಲ್ಲಿಸಬಹುದು, ಮೇಜಿನ ಮೇಲೂ ಇಡಬಹುದು. ಇದರಲ್ಲಿ ಸ್ವಂತ ಬ್ಯಾಟರಿಯಿರುತ್ತದೆ. ಒತ್ತಿದ್ದಕ್ಕೂ ನಡೆಯುವುದಕ್ಕೂ ನಡುವೆ ಕಣ್ಣಿಗೆ ಅಷ್ಟಾಗಿ ತಿಳಿಯದಷ್ಟು ವಿಳಂಬವಿರುತ್ತದೆ. ಮೂರನೆಯದು ಫೋನಿನ ಅಂಚಿಗೆ ಸಿಕ್ಕಿಸಿ, ತೋರುಬೆರಳಿನಿಂದ ತೆರೆಯನ್ನೇ ಮುಟ್ಟಿಸುವ ಪುಟ್ಟ ಚಿಮಟಿಗಳು. ಬಲು ಅಗ್ಗ. ಇವು ಮಾರಾಟವಾಗುವುದು ಬಹುತೇಕ ಬಂದೂಕಿನ ಆಟಕ್ಕಾಗಿಯೇ.

ಎಲ್ಲ ಆಟಗಳೂ ಕಂಟ್ರೋಲರನ್ನು ಒಪ್ಪುವುದಿಲ್ಲ ಎಂಬುದು ನಾನು ಕಲಿತ ಇನ್ನೊಂದು ಸಂಗತಿ. ಕೊಳ್ಳುವ ಮೊದಲೇ ಆಟದ ಒಳಗಿನ ಸೆಟ್ಟಿಂಗ್ಸಿನಲ್ಲಿ ನೋಡಬೇಕು. ಮೈನ್‌ಕ್ರಾಫ್ಟ್ ಒಪ್ಪುತ್ತದೆ, ಕಾರಿನ ಪಂದ್ಯಗಳಲ್ಲಿ ಅನೇಕವು ಒಪ್ಪುತ್ತವೆ. ಒಪ್ಪದಿರುವ ಆಟಕ್ಕೆ ಬೇರೊಂದು ತಂತ್ರಾಂಶ ಹಾಕಿ, ಗುಂಡಿಯ ಒತ್ತನ್ನು ತೆರೆಯ ಮೇಲಿನ ಬೆರಳೆಂದು ನಂಬಿಸುವ ಉಪಾಯವುಂಟು. ಇದರಿಂದ ಬರಿಗೈಯಲ್ಲಿ ಆಡುವ ಎದುರಾಳಿಗೆ ಅನ್ಯಾಯವಾಗುವುದೆಂದು ಆಟದವರು ಅಂಥವರನ್ನು ಹೊರಹಾಕುವುದುಂಟು. ‘ಕಾಲ್ ಆಫ್ ಡ್ಯೂಟಿ’ ಎಂಬ ಆಟದಲ್ಲಿ ಕಂಟ್ರೋಲರು ಹಿಡಿದವರನ್ನು ಕಂಟ್ರೋಲರು ಹಿಡಿದವರೊಡನೆಯೇ ಜೋಡಿಸುವ ಏರ್ಪಾಡಿದೆಯೆಂದು ಮೊಮ್ಮಗ ತಿಳಿಸಿದ. ಕದ್ದು ಗೆದ್ದ ಗೆಲುವು ತನ್ನದಲ್ಲವೆಂಬ ವಿವೇಕ ಆಟದ ಲೋಕದಲ್ಲಿಯೂ ಇರುವುದನ್ನು ಕಂಡು ಸಂತೋಷವಾಯಿತು.

ಇನ್ನು ಬಾಳಿಕೆ. ಹೆಬ್ಬೆರಳಿನ ಕಡ್ಡಿಗಳ ಬುಡದಲ್ಲಿ ಹಳೆಯ ರೀತಿಯಾದರೆ ಇಂಗಾಲದ ಪಟ್ಟಿಯ ಮೇಲೆ ಉಜ್ಜುವ ಭಾಗವಿರುತ್ತದೆ. ಉಜ್ಜಿ ಉಜ್ಜಿ ಸವೆದ ಮೇಲೆ, ಕಡ್ಡಿಯನ್ನು ಮುಟ್ಟದಿದ್ದರೂ ಆಟದ ಕಾರು ತಾನೇ ಪಕ್ಕಕ್ಕೆ ಸರಿಯತೊಡಗುತ್ತದೆ. ಹೊಸ ರೀತಿಯಲ್ಲಿ ಅಯಸ್ಕಾಂತವಿದ್ದು, ಒಂದನ್ನೊಂದು ಮುಟ್ಟದೆಯೇ ಚಲನೆ ತಿಳಿಯುತ್ತದೆ. ‘ಹಾಲ್ ಎಫೆಕ್ಟ್’ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಬೆಲೆ ಕೊಂಚ ಹೆಚ್ಚು, ಬಾಳಿಕೆಯೂ ಹೆಚ್ಚು. ಅಗ್ಗವೆಂದು ಕೊಂಡು ವರ್ಷದಲ್ಲಿ ಎಸೆದರೆ ಪ್ಲಾಸ್ಟಿಕ್ಕೂ ಬ್ಯಾಟರಿಯೂ ಮಣ್ಣು ಸೇರುತ್ತವೆ. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದನ್ನೂ ನೀರನ್ನು ಚೆಲ್ಲುವುದನ್ನೂ ಪ್ರಮಾದಚರ್ಯೆಯೆಂದ ಆಚಾರ್ಯರು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೆಂಬುದನ್ನು ಊಹಿಸಬಹುದು.

ಎಲ್ಲವನ್ನೂ ನೋಡಿ ಎರಡನೆಯ ಬಗೆಯದನ್ನು, ಅಯಸ್ಕಾಂತದ ಕಡ್ಡಿಗಳಿರುವುದನ್ನು ಆರಿಸಿದೆವು. ಕಾರಣ ಸರಳವಾದದ್ದು. ಅದು ಒಂದೇ ಫೋನಿಗೆ ಕಟ್ಟಿಬಿದ್ದಿಲ್ಲ. ನಾಳೆ ಫೋನು ಬದಲಾದರೂ ನಡೆಯುತ್ತದೆ, ಮನೆಯ ಕಂಪ್ಯೂಟರಿಗೂ ಕೂಡುತ್ತದೆ, ಅವನ ತಂಗಿಯೂ ಆಡಬಹುದು. ಅವನ ಎರಡು ಆಟಗಳಿಗೆ ಆ ಅಲ್ಪ ವಿಳಂಬ ಬಾಧಕವಲ್ಲ. ಒಂದು ವಸ್ತುವಿನಿಂದ ನಾಲ್ಕು ಕೆಲಸವಾದರೆ ಮೂರು ವಸ್ತುಗಳು ಮನೆಗೆ ಬರುವುದು ತಪ್ಪಿತು. ಪರಿಗ್ರಹ ಪರಿಮಾಣವೆಂದರೆ ವ್ಯವಹಾರದಲ್ಲಿ ಇಷ್ಟೇ. ಅಂಗಡಿಯಲ್ಲಿ ಆ ಪುಟ್ಟ ಚಿಮಟಿಗಳೂ ತೂಗುತ್ತಿದ್ದವು. ಮೊಮ್ಮಗ ಒಂದು ಜೊತೆಯನ್ನು ತೆಗೆದು, ಬೆಲೆ ಕೇಳಿ, ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದು ಮತ್ತೆ ತೂಗುಹಾಕಿದ. ನನ್ನ ಕಡೆ ನೋಡಲಿಲ್ಲ. ನಾನೂ ನೋಡದವನಂತೆ ಇದ್ದೆ. ನನ್ನ ತಪ್ಪಿನ ಡಬ್ಬಿಯನ್ನು ಅಂಗಡಿಯವರು ಇಟ್ಟುಕೊಂಡು, ಬಿಚ್ಚಿದ ಡಬ್ಬಿಯೆಂದು ತಿಳಿಸಿ, ಹಳೆಯ ಐಫೋನಿದ್ದ ಹುಡುಗನೊಬ್ಬನಿಗೆ ಕಡಿಮೆ ಬೆಲೆಗೆ ಕೊಟ್ಟರೆಂದು ಆಮೇಲೆ ತಿಳಿಯಿತು. ನನಗೆ ಐನೂರು ರೂಪಾಯಿ ನಷ್ಟವಾಯಿತು. ಗುರುದಕ್ಷಿಣೆಯಾಗಿ ಅದು ಹೆಚ್ಚಲ್ಲ.

ಮನೆಗೆ ಬಂದ ಮೇಲೆ ಮಿತಿಯ ಮಾತು ಬಂತು. ಭೋಗೋಪಭೋಗಗಳಿಗೆ ಹಾಕಿಕೊಳ್ಳುವ ಮಿತಿಯಲ್ಲಿ ಎರಡು ವಿಧವೆಂದು ಸಮಂತಭದ್ರರು ಹೇಳಿದ್ದಾರೆ. ಕಾಲದ ಗಡುವಿಟ್ಟು ತೊರೆಯುವುದು ನಿಯಮ. ಬದುಕಿರುವವರೆಗೆ ತೊರೆಯುವುದು ಯಮ. ಮಕ್ಕಳ ವಿಷಯದಲ್ಲಿ ನಾವು ಹಿರಿಯರು ತಪ್ಪುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ನಿಯಮ ಸಾಕಾಗುವಲ್ಲಿ ಯಮವನ್ನು ಹೇರುತ್ತೇವೆ. ‘ಇನ್ನು ಮುಟ್ಟಿದರೆ ನೋಡು’ ಎನ್ನುತ್ತೇವೆ. ಅವರು ಮರೆಯಲ್ಲಿ ಮುಟ್ಟುತ್ತಾರೆ. ಆಟದ ದೋಷದ ಮೇಲೆ ಸುಳ್ಳಿನ ದೋಷವೂ ಕೂಡುತ್ತದೆ. ಮೊಮ್ಮಗ ತಾನೇ ಒಂದು ಕಾಗದದಲ್ಲಿ ಬರೆದ: ದಿನಕ್ಕೆ ಒಂದು ಗಂಟೆ, ರಾತ್ರಿ ಊಟವಾದ ಮೇಲೆ ಇಲ್ಲ, ದಶಲಕ್ಷಣ ಪರ್ವದ ಹತ್ತು ದಿನ ಇಲ್ಲ, ಈ ನಿಯಮ ಮುಂದಿನ ಬೇಸಿಗೆಯವರೆಗೆ. ಅದಕ್ಕೆ ನಾನು ಒಂದಕ್ಷರವನ್ನೂ ಸೇರಿಸಲಿಲ್ಲ.

ನಮ್ಮ ಜಿಲ್ಲೆಗೆ ಆಟಿಕೆ ಹೊಸದಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಹಗುರ ಮರವನ್ನು ಕೆತ್ತಿ, ಹುಣಸೆಬೀಜದ ಸರಿಯಿಂದ ಮೆತ್ತಿ, ಬಣ್ಣ ಹಚ್ಚಿ ಮಾಡುವ ಗೊಂಬೆಗಳನ್ನು ಹಿಡಿದು ನಾವು ಬೆಳೆದೆವು. ಇದೇ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಉದ್ಯಮ ವಲಯಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿತು. ನಮ್ಮ ಸಮಾಜದವರಲ್ಲಿಯೂ ಇಂಥ ವಸ್ತುಗಳ ಅಂಗಡಿಯಿಟ್ಟವರಿದ್ದಾರೆ. ಹಿಂಸಾದಾನದ ಪ್ರಶ್ನೆ ಕೊಳ್ಳುವ ಅಜ್ಜನಿಗೆ ಮಾತ್ರವಲ್ಲ, ಮಾಡುವವನಿಗೂ ಮಾರುವವನಿಗೂ ಸೇರಿದ್ದು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲಿಗೆ ಎಣಿಸಿದ ನಮಗೆ ಇದು ಸಂತೋಷದ ಸಂಗತಿಯೇ. ಆದರೆ ಕಾಯಿದೆಗೆ ಹಣದ ಲೆಕ್ಕ ಸಿಕ್ಕೀತು, ಮನಸ್ಸಿನ ಲೆಕ್ಕ ಸಿಕ್ಕದು. ಅದು ಮನೆಯಲ್ಲಿಯೇ ಆಗಬೇಕಾದ ಕೆಲಸ. ಬಸದಿಗಳ ಆಡಳಿತ ನಡೆಸುವ ಬಂಧುಗಳು ಬೇಸಿಗೆಯ ಶಿಬಿರಗಳಲ್ಲಿ ಮಕ್ಕಳನ್ನು ಕೂರಿಸಿ ಮೊಬೈಲಿನ ಕೇಡನ್ನು ಕುರಿತು ಭಾಷಣ ಮಾಡಿಸುವುದಕ್ಕಿಂತ, ಹಿಟ್ಟಿನ ಕೋಳಿಯ ಕಥೆ ಹೇಳಿ ಅವರ ವಾದವನ್ನು ಕೇಳುವುದು ಹೆಚ್ಚು ಫಲಕಾರಿಯಾದೀತು. ಅವರು ಕೇಳುವ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲದಿದ್ದರೂ ಚಿಂತೆಯಿಲ್ಲ.

ದೀಪಾವಳಿಯಾದ ಮೇಲೆ ಒಂದು ದಿನ ಮೊಮ್ಮಗ ಕುಷ್ಟಗಿಗೆ ಫೋನು ಮಾಡಿದ. ಗೆಳೆಯನ ಮನೆಯಲ್ಲಿ ಎರಡು ಸಲ ಆ ಮೂರನೆಯ ಆಟವನ್ನು ಆಡಿದನಂತೆ. “ಹೇಳಬೇಕನಿಸ್ತು ಅಜ್ಜಾ” ಎಂದ. ಬೈಯಲು ಬಾಯಿ ಬರಲಿಲ್ಲ. ನನ್ನ ಫೋನಿನ ತೆರೆಯ ಮೇಲೆ ಅಂದು ಮೂಡಿದ್ದ ಕಾರಣಗಳ ಪಟ್ಟಿ ನೆನಪಿಗೆ ಬಂತು. “ಹೇಳಿದ್ದು ಚಲೋ ಆತಪಾ. ನಾನೂ ಒಮ್ಮೆ ಒತ್ತಿದ್ದೆನಲ್ಲ” ಎಂದೆ. ಆ ಕಡೆಯಿಂದ ಅವನು ನಕ್ಕ. ಆಮೇಲೆ ಮನೆ ಕಟ್ಟುವ ಆಟದಲ್ಲಿ ತಾನೂ ತಂಗಿಯೂ ಕೂಡಿ ಕಟ್ಟಿದ ಬಸದಿಯೊಂದರ ವಿಷಯವನ್ನು ಬಹಳ ಹೊತ್ತು ಹೇಳುತ್ತಿದ್ದ. ಮಾನಸ್ತಂಭ ಮಾತ್ರ ಎಷ್ಟು ಪ್ರಯತ್ನಿಸಿದರೂ ಓರೆಯಾಗಿಯೇ ಕಾಣುತ್ತದೆಯಂತೆ.